ಇಪ್ಪತ್ತೊಂಬತ್ತನೇ ಕಾರ್ಡು

"ಅಕ್ಕಾ, ಕಟ್ಟು ಎಲ್ಲಿ? 'ರನ್' ಪದದ ಕಾರ್ಡಿನ ಕಟ್ಟು!"

"ಒಳಗೆ ಹೋಯ್ತಲ್ಲ ಗುಬ್ಬಿ. ಮೌನಿ ಆಗಲೇ ನೋಡಿ ದೊಡ್ಡ ಸಾರ್‌ಗೆ ಕೊಟ್ಟಾಯ್ತು" ಎಂದಳು ಟೈಪಿಸ್ಟ್ ಅಕ್ಕ.

ಗುಬ್ಬಿ ದೊಡ್ಡ ಸಾರ್ ಕೋಣೆಯ ಮುಚ್ಚಿದ ಬಾಗಿಲನ್ನೇ ನೋಡಿದಳು.

ಅದು ಇಂಗ್ಲಿಷ್-ಕನ್ನಡ ನಿಘಂಟಿನ ಕಚೇರಿ. ಒಂದು ಅರ್ಥಕ್ಕೆ ಒಂದು ಕಾರ್ಡು, ಅದರಲ್ಲೊಂದು ಉದಾಹರಣೆ ವಾಕ್ಯ. ಬರೆದವರದೊಂದು ಸಹಿ, ಅದನ್ನು ನೋಡಿ ಒಪ್ಪಿದ ಬೇರೊಬ್ಬರದೊಂದು ಸಹಿ. ಎರಡೂ ಬಿದ್ದ ಕಾರ್ಡನ್ನು ಯಾರೂ ಹರಿಯುವಂತಿಲ್ಲ.

'ರನ್' ಎಂಬ ಚೋಟುದ್ದದ ಪದಕ್ಕೆ ನಲವತ್ತೊಂದು ಕಾರ್ಡು ಬರೆದು ಗುಬ್ಬಿ ಸುಸ್ತಾಗಿದ್ದಳು. ಓಡುವುದು, ಬಟ್ಟೆ ಬಣ್ಣ ಬಿಡುವುದು, ಮೂಗು ಸೋರುವುದು... ಇಪ್ಪತ್ತೊಂಬತ್ತನೆಯದು, ನಡೆಸುವುದು. ಊಟದ ಬಿಡುವಿನಲ್ಲಿ ಮನಸ್ಸು ತಡೆಯದೆ ಬರೆದುಬಿಟ್ಟಿದ್ದಳು: 'ಎದುರು ಮೇಜಿನವರ ಜೊತೆ ಸಂಸಾರ ನಡೆಸುವ ಆಸೆ ನನಗೆ.' ಅಭ್ಯಾಸಬಲದಿಂದ ಕೆಳಗೆ ಸಹಿ ಬೇರೆ! ಹರಿಯಬೇಕೆಂದುಕೊಂಡವಳು ಮರೆತೇಬಿಟ್ಟಿದ್ದಳು.

ಎದುರು ಮೇಜಿನವನೇ ಕಾರ್ಡು ಪರಿಶೀಲಿಸುವವನು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಅದಕ್ಕೇ ಮೌನಿ.

ಸಂಜೆ ನಾಲ್ಕಕ್ಕೆ ಪ್ರಧಾನ ಸಂಪಾದಕರಾದ ದೊಡ್ಡ ಸಾರ್ ಎಲ್ಲರೆದುರು ಪ್ರತಿ ಕಾರ್ಡನ್ನೂ ಗಟ್ಟಿಯಾಗಿ ಓದುವುದು ಅಲ್ಲಿಯ ವಾಡಿಕೆ.

'ಅಯ್ಯೋ, ಭೂಮಿ ಬಾಯಿ ಬಿಡಬಾರದೇ...'

ಇಪ್ಪತ್ತೇಳು... ಇಪ್ಪತ್ತೆಂಟು... ಗುಬ್ಬಿ ಕಣ್ಣು ಮುಚ್ಚಿಕೊಂಡಳು.

"ಇಪ್ಪತ್ತೊಂಬತ್ತು. 'ಅವರ ಅತ್ತೆ ಹೊಲಿಗೆ ಅಂಗಡಿ ನಡೆಸುತ್ತಾರೆ.' ಬರೆದದ್ದು ಮೌನಿ, ಒಪ್ಪಿದ್ದು ಟೈಪಿಸ್ಟ್ ಅಕ್ಕ... ಹ್ಞೂಂ, ಪರವಾಗಿಲ್ಲ."

ಮಾನ ಉಳಿಯಿತು! ಮರುಕ್ಷಣವೇ ಹೊಳೆಯಿತು: 'ಓದಿದ್ದಾನೆ. ಓದಿ, ನನ್ನದನ್ನ ಕಿತ್ತು ಬೇರೆ ಕಾರ್ಡು ಹಾಕಿದ್ದಾನೆ. ಬೇಡ ಅನ್ನೋದನ್ನ ಇನ್ನು ಹೇಗೆ ಹೇಳಬೇಕು?'

ಕಚೇರಿ ಬಿಟ್ಟಾಗ ತಲೆ ತಗ್ಗಿಸಿ ಮೆಟ್ಟಿಲಿಳಿಯುತ್ತಿದ್ದವಳ ಹಿಂದೆ ಹೆಜ್ಜೆ ಸಪ್ಪಳ.

"ಒಂದ್ನಿಮಿಷ..." ಮೌನಿಯ ದನಿ!

"ತಪ್ಪಾಯ್ತು. ನಾಳೆಯಿಂದ ಬೇರೆ ಮೇಜು ಕೇಳ್ತೀನಿ."

"ಕಾರ್ಡು ವಾಪಸ್ ಬೇಡ್ವಾ?"

"ಹರಿದು ಹಾಕಿ." ಅವಳ ಕಣ್ಣು ತುಂಬಿತ್ತು.

"ಹರಿಯೋ ಹಾಗಿಲ್ಲ. ನೋಡಿ."

ಜೇಬಿನಿಂದ ಕಾರ್ಡು ತೆಗೆದು ಅವಳ ಮುಂದೆ ಹಿಡಿದ. ಅವಳ ಸಹಿಯ ಪಕ್ಕದಲ್ಲೇ, ಒಪ್ಪಿದವರ ಜಾಗದಲ್ಲಿ, ಅವನ ಸಹಿ, ಇವತ್ತಿನ ತಾರೀಖು!

"ಮತ್ತೆ... ಕಟ್ಟಿನಿಂದ ಯಾಕೆ ತೆಗೆದ್ರಿ?"

"ಇದನ್ನ ದೊಡ್ಡ ಸಾರ್ ಬಾಯಲ್ಲಿ ಕೇಳೋಕೆ ನನಗಿಷ್ಟ ಇರ್ಲಿಲ್ಲ. ನೀವೇ ಓದಿ."

ಗುಬ್ಬಿ ಕಣ್ಣೊರೆಸಿಕೊಂಡು ಓದಿದಳು. ಗಟ್ಟಿಯಾಗಿ, ಒಂದಕ್ಷರವೂ ಬಿಡದೆ.

"ಇನ್ನೊಂದ್ಸಲ..." ಎಂದ ಮೌನಿ.