ಮೂರನೇ ತೊಟ್ಟಿಯ ಗುಳ್ಳೆಗಳು

"ಮೂರನೇ ತೊಟ್ಟಿಗೆ ಗಾಳಿ ಬಿಟ್ಟಿದ್ದು ಯಾರು?"

ಗಾಜಿನಮನೆಯಲ್ಲಿ ಸಂಶೋಧಕಿಯ ದನಿ ಕೇಳಿ ತೋಟಗಾರ ಕೈಯಲ್ಲಿದ್ದ ಕುಂಡ ಕೆಳಗಿಟ್ಟ. ನೀರಲ್ಲಿ ಮುಳುಗಿಸಿಟ್ಟ ಸಸಿಗಳ ನಡುವೆ ಪುಟ್ಟ ಪಂಪೊಂದು ಬುಳುಬುಳು ಎನ್ನುತ್ತಿತ್ತು.

"ನಾನೇ ಮೇಡಂ. ಉಸಿರು ಕಟ್ಟಿ ಸಾಯ್ತಾವೇನೋ ಅನ್ನಿಸ್ತು... ಮನೆ ಮೀನಿನ ತೊಟ್ಟಿಯಿಂದ ತಂದೆ."

"ಉಸಿರು ಕಟ್ಟಿಸೋದೇ ನನ್ನ ಕೆಲಸ ಕಣ್ರೀ."

ಅವಳ ಕಣ್ಣು ತುಂಬಿತು. ಈ ಸಸಿಗಳ ತಳಿಯ ಬೀಜ ಮುಗಿದಿತ್ತು, ಮತ್ತೆ ಬೆಳೆಸುವಂತಿರಲಿಲ್ಲ. ಮೂರೂ ತೊಟ್ಟಿಗಳ ಫಲಿತಾಂಶ ಒಂದೇ ಬರದಿದ್ದರೆ ನಾಲ್ಕು ವರ್ಷದ ಸಂಶೋಧನೆ ನೀರುಪಾಲು.

"ಗಿಡದೊಳಗೆ ಒಂದು ಪ್ರೋಟೀನ್ ಸದಾ ಹುಟ್ತಾ ಇರುತ್ತೆ. ಆಮ್ಲಜನಕ ಇರೋವರೆಗೆ ಗಿಡ ಅದನ್ನ ಆಗಿಂದಾಗ್ಗೆ ಒಡೆದುಹಾಕುತ್ತೆ. ಆಮ್ಲಜನಕ ಕಡಿಮೆಯಾದ್ರೆ ಒಡೆಯೋಕಾಗಲ್ಲ. ಆಗ ಅದು ಉಳಿದುಕೊಂಡು, ಗಿಡನ ಬದುಕಿಸೋ ಜೀನ್‌ಗಳನ್ನ ಎಬ್ಬಿಸುತ್ತೆ. ಅದನ್ನ ನೋಡೋಕೇ ಮುಳುಗಿಸಿದ್ದು! ಇನ್ಮೇಲೆ ನನ್ನ ತೊಟ್ಟಿ ಹತ್ರ ಬರಬೇಡಿ."

ಅವನು ಕುಂಡ ಎತ್ತಿಕೊಂಡು ಹೊರಟ. ಮರುದಿನವೇ ಎದುರಿನ ಬೀಜದ ಉಗ್ರಾಣಕ್ಕೆ ಕೆಲಸ ಬದಲಿಸಿಕೊಂಡ.

ಹೋದರೆ ಹೋಗಲಿ ಎಂದುಕೊಂಡಳು. ಆದರೆ ಅವಳ ಸ್ಟೂಲನ್ನು ನೆರಳಿಗೆ ಸರಿಸುವವರು, "ಊಟ ಆಯ್ತಾ ಮೇಡಂ" ಎನ್ನುವವರು ಈಗ ಇರಲಿಲ್ಲ. ಅಯ್ಯೋ, ಯಾಕೆ ಅಷ್ಟು ಬೈದೆ...

ಎಸೆಯಲು ಮನಸ್ಸಾಗದೆ ಮೂರನೇ ತೊಟ್ಟಿಯ ಎಲೆಗಳನ್ನೂ ಪರೀಕ್ಷಿಸಿದಳು. ಉಳಿದೆರಡು ತೊಟ್ಟಿಗಳಲ್ಲಿ ಜೀನ್‌ಗಳು ಎದ್ದು ಕುಳಿತಿದ್ದವು. ಗುಳ್ಳೆ ಬಿಟ್ಟದ್ದರಲ್ಲಿ ಸದ್ದೇ ಇಲ್ಲ.

ಅವಳ ಸಂಶೋಧನೆಗೆ ಗೈಡ್ ಆಗಿದ್ದ ಪ್ರೊಫೆಸರ್ ಕನ್ನಡಕ ಏರಿಸಿ ಫಲಿತಾಂಶ ನೋಡಿದರು. "ಗಿಡ ಗುರುತಿಸೋದು ನೀರನ್ನಲ್ಲ, ಆಮ್ಲಜನಕ ಕಡಿಮೆಯಾಗಿದ್ದನ್ನ. ಈ ತೊಟ್ಟಿ ಇಲ್ದಿದ್ರೆ ಹಾಗೆ ಹೇಳೋಕೇ ಆಗ್ತಿರಲಿಲ್ಲ. ಪಂಪು ಹಾಕಿದ ಹೊತ್ತನ್ನೂ ಬರೆದಿಟ್ಟಿದೀಯ, ಭೇಷ್!"

ಪ್ರಯೋಗದ ಪುಸ್ತಕದಲ್ಲಿ ಆ ಹೊತ್ತಿನ ಮುಂದೆ ಇದ್ದದ್ದು ತೋಟಗಾರನ ದುಂಡು ಅಕ್ಷರ.

ಅವಳು ಉಗ್ರಾಣಕ್ಕೆ ಓಡಿದಳು. ಅವನು ಬೀಜದ ಪೊಟ್ಟಣಗಳಿಗೆ ಚೀಟಿ ಅಂಟಿಸುತ್ತಿದ್ದ.

"ನನ್ನ ತಲೆಗೆ ಹೊಳೀದೇ ಇದ್ದಿದ್ದು ನಿಮ್ಮ ಕನಿಕರಕ್ಕೆ ಹೊಳೀತು. ಕ್ಷಮಿಸಿ."

"ಗೊತ್ತಿಲ್ದೆ ಮಾಡಿದ್ದು ಮೇಡಂ."

"ಬರೆದಿಟ್ಟಿದ್ದು?"

"ನೀವು ದಿನಾ ಬರೆಯೋದು ನೋಡಿ ಕಲಿತೆ."

ಎಷ್ಟು ದೊಡ್ಡ ಮನಸ್ಸು ಇವನದು! ಅವಳು ಒಂದು ಹೆಜ್ಜೆ ಹತ್ತಿರ ಬಂದಳು.

"ನಂದೂ ಆ ಪ್ರೋಟೀನ್ ಥರಾನೇ ಆಯ್ತು. ನೀವು ಹತ್ರ ಇದ್ದಾಗ ದಿನಾ ಏನೋ ಹುಟ್ತಿತ್ತು, ದಿನಾ ನಾನೇ ಒಡೆದುಹಾಕ್ತಿದ್ದೆ. ನೀವಿಲ್ಲದ ಈ ನಾಲ್ಕು ದಿನ... ಒಡೆಯೋಕಾಗಲಿಲ್ಲ."

ಅವನು ಚೀಟಿಯನ್ನು ತಲೆಕೆಳಗಾಗಿ ಅಂಟಿಸಿದ.

"ನಾನು ಯಾವತ್ತೂ ಒಡೆದೇ ಇಲ್ಲ," ಎಂದ ಮೆಲ್ಲಗೆ.

"ಹಾಗಾದ್ರೆ ವಾಪಸ್ ಬನ್ನಿ. ನನ್ನ ಸ್ಟೂಲು ಬಿಸಿಲಲ್ಲಿದೆ."

"ಗೊತ್ತು. ದಿನಾ ಈ ಕಿಟಕಿಯಿಂದ ನೋಡ್ತಿದ್ದೆ."