ಶಾಲು ಹೊದಿಸಿ ಕೊಟ್ಟ ಬೀಗದ ಕೈ

ಸೋಮವಾರ ಬೆಳಿಗ್ಗೆ ಠಾಣೆಗೆ ಬಂದ ಗೌತಮ್ ಎಂಬ ಯುವಕ, ಬ್ಯಾಂಕಿನಲ್ಲಿ ಕಳವಾಗಿದೆ ಎಂದಾಗ ಹೆಡ್ ಕಾನ್‌ಸ್ಟೆಬಲ್ ಚಿಕ್ಕಹನುಮಯ್ಯ ಅವಸರದಲ್ಲಿ ಟೋಪಿ ಹುಡುಕಿದ.

"ಎಷ್ಟು ಹೋಗಿದೆ ಸಾರ್?"

"ಒಂದು ಮೂಟೆ ಅಕ್ಕಿ, ಒಂದಿಷ್ಟು ತೊಗರಿಬೇಳೆ. ನಮ್ದು ಚಂದ್ರಾ ಲೇಔಟಲ್ಲಿರೋ ಆಹಾರ ಬ್ಯಾಂಕು. ಹೋದ ವಾರಾನೂ ಹಿಂಗೇ ಆಯ್ತು."

ಚಿಕ್ಕಹನುಮಯ್ಯ ಟೋಪಿ ಕೆಳಗಿಟ್ಟು ಟೀವಿ ನಿರೂಪಕನ ದನಿ ಅನುಕರಿಸಿದ. "ನಗರವನ್ನೇ ಬೆಚ್ಚಿಬೀಳಿಸಿದ ಬ್ಯಾಂಕ್ ದರೋಡೆ. ಬೇಳೆ ಬೇಯಿಸಿಕೊಂಡವರು ಯಾರು?"

"ಹನುಮಯ್ಯ," ಎಂದರು ಇನ್‌ಸ್ಪೆಕ್ಟರ್ ಕುಸುಮಾ. ದನಿ ನಿಂತಿತು. ಎಫ್‌ಐಆರ್ ದಾಖಲಾಯಿತು.

ಕುಸುಮಾ ಗೌತಮ್ ಜೊತೆ ಆಹಾರ ಬ್ಯಾಂಕಿನ ಗೋದಾಮಿಗೆ ಹೋದರು. ಅಲ್ಲಿಗೆ ಗಿರಣಿಗಳಿಂದ ಅಕ್ಕಿ, ಅಂಗಡಿಗಳಿಂದ ಮಾರಾಟವಾಗದೆ ಉಳಿದ ದಿನಸಿ ಬರುತ್ತಿತ್ತು. ಆರಿಸಿ ತೆಗೆದ ಚೆನ್ನಾದದ್ದರಲ್ಲಿ ಹೆಚ್ಚು ಪಾಲು ಆಶ್ರಮಗಳಿಗೆ. ಶನಿವಾರ ಕಷ್ಟದಲ್ಲಿರುವ ಮನೆಗಳಿಗೆ ದಿನಸಿ ಕಿಟ್. ಪಡೆದವರು ಕಿಟ್ ಹಿಡಿದು ಫೋಟೊಗೆ ನಿಲ್ಲಬೇಕು. ಅದು ದಾನಿಗಳ ವಾಟ್ಸಾಪ್ ಗ್ರೂಪಿಗೆ ಹೋಗುತ್ತಿತ್ತು.

"ಫೋಟೊ ಯಾಕೆ?"

"ಕೊಟ್ಟೋರು ಕೇಳ್ತಾರೆ ಮೇಡಂ. ಇಲ್ಲಾಂದ್ರೆ ಮುಂದಿನ ತಿಂಗಳು ಅಕ್ಕಿ ಬರಲ್ಲ."

ಬೀಗ ಮುರಿದಿರಲಿಲ್ಲ. ಕೀ ತನ್ನೊಬ್ಬನ ಬಳಿಯೇ ಇರುವುದೆಂದು ಗೌತಮ್ ಹೇಳಿದ. ಕುಸುಮಾ ಗೋಡೆಯ ಮೇಲಿದ್ದ ಉದ್ಘಾಟನೆಯ ಫೋಟೊದ ಮುಂದೆ ನಿಂತರು. ಶಾಲು ಹೊದ್ದ ಹಿರಿಯರೊಬ್ಬರು ಎರಡೂ ಕೈಯಲ್ಲಿ ತಟ್ಟೆ ಹಿಡಿದಿದ್ದರು. ತಟ್ಟೆಯಲ್ಲಿ ಕೆಂಪು ರಿಬ್ಬನ್ ಕಟ್ಟಿದ ಬೀಗದ ಕೈ.

"ಇವರು?"

"ಶಿವಬಸಪ್ಪೋರು. ವಿಜಯನಗರದಲ್ಲಿ ಅಕ್ಕಿ ಅಂಗಡಿ ಇಟ್ಟಿದ್ರು. ನಮಗೆ ಮೊದಲ ಲೋಡ್ ಕೊಟ್ಟೋರೇ ಅವರು. ಗೌರವಕ್ಕೆ ಅಂತ ಕೀ ಕೊಟ್ವಿ."

"ಡಮ್ಮಿ ಕೀನಾ?"

ಗೌತಮ್ ಬೀಗವನ್ನೇ ನೋಡಿದ. "ಇದರದ್ದೇ ಮೇಡಂ. ಸನ್ಮಾನ ಮಾಡಿ ವಾಪಸ್ ಕೇಳೋದು ಹೆಂಗೆ ಅಂತ ಸುಮ್ನಾದ್ವಿ."

ಮಧ್ಯಾಹ್ನ ಬಸವೇಶ್ವರನಗರದಲ್ಲಿ ಶಿವಬಸಪ್ಪನವರ ಬಾಡಿಗೆ ಮನೆಯ ಅಂಗಳದಲ್ಲಿ ಊಟ ನಡೆದಿತ್ತು. ಇಬ್ಬರು ಪೌರಕಾರ್ಮಿಕ ಹೆಂಗಸರು, ಒಬ್ಬ ವಾಚ್‌ಮನ್, ಗಾರೆ ಕೆಲಸದವರು. ಬಡಿಸುತ್ತಿದ್ದ ಅವರ ಹೆಂಡತಿ ಜಯದೇವಿ ಖಾಕಿ ಕಂಡು ಇನ್ನೆರಡು ಎಲೆ ಹಾಕಿದರು.

"ಬರ್ರಿ, ಕುಂದರ್ರಿ. ಸೋಮವಾರ ಹಸಿದು ಬಂದೋರನ್ನ ನಾವು ಹಂಗೇ ಕಳಸಂಗಿಲ್ರಿ."

ನೀರಿನ ಚೊಂಬು ಹಿಡಿದಿದ್ದ ಶಿವಬಸಪ್ಪ ಅವರನ್ನು ಮನೆಯ ಹಿಂದಕ್ಕೆ ಕರೆದೊಯ್ದರು.

"ನಾನೇ ತಂದಿದ್ದು. ಅವಳಿಗೆ ಅಂಗಡಿ ಮುಚ್ಚಿದ್ದೇ ಗೊತ್ತಿಲ್ಲ ಮೇಡಂ. ದಿನಾ ಬೆಳಿಗ್ಗೆ ಹೊರಟು ಪಾರ್ಕಲ್ಲಿ ಕೂತು ಬರ್ತೀನಿ."

"ಈ ಊಟ ಸೋಮವಾರ ಮಾತ್ರಾನಾ?"

"ಮದುವೆಯಾಗಿ ಬಂದಾಗಿನಿಂದ ಅವಳು ತಪ್ಪಿಸಿಲ್ಲ."

"ಉಳಿದ ದಿನ ನಿಮ್ಮ ಊಟ?"

"ಗಂಜಿ. ಇಬ್ಬರಿಗೂ ವಯಸ್ಸಾಯ್ತು, ಅದೇ ಒಳ್ಳೇದು ಅಂತ ನಂಬ್ಸಿದೀನಿ."

"ಕೇಳಿದ್ರೆ ಕಿಟ್ ಕೊಡ್ತಿದ್ರಲ್ಲ ಸಾರ್?" ಎಂದ ಚಿಕ್ಕಹನುಮಯ್ಯ.

"ಕೊಡ್ತಿದ್ರು. ಫೋಟೊ ತೆಗೀತಾರಲ್ಲ. ಅವಳ ತಮ್ಮ ಆ ಗ್ರೂಪಲ್ಲಿದಾನೆ."

ಚಿಕ್ಕಹನುಮಯ್ಯ ಅಲ್ಲೇ ಹಿತ್ತಿಲ ಅಡುಗೆಕೋಣೆಯಲ್ಲಿ ಪಂಚನಾಮೆ ಬರೆಯತೊಡಗಿದ. ಅರ್ಧ ಮೂಟೆ ಅಕ್ಕಿ, ಬೇಳೆಯ ಪೊಟ್ಟಣಗಳು, ಬೀಗದ ಕೈ. ಒಲೆಯ ಮೇಲಿನ ಅನ್ನದ ಪಾತ್ರೆಯ ಬಳಿ ಪೆನ್ನು ನಿಂತಿತು.

"ಅದು ಬೇಡ," ಎಂದರು ಕುಸುಮಾ. ಕೊನೆಯವನು ಎಲೆ ಬಿಟ್ಟು ಏಳುವವರೆಗೂ ಅವರು ಜೀಪು ಹತ್ತಲಿಲ್ಲ.

"ಎಲ್ಲಿಗ್ರಿ?" ಎಂದರು ಜಯದೇವಿ.

ಚಿಕ್ಕಹನುಮಯ್ಯನ ಗಂಟಲಿನಿಂದ ಸಭೆಯ ನಿರೂಪಕನ ದನಿ ಬಂತು, ಅರ್ಧ ಮಾತ್ರ. "ಠಾಣೇಲಿ ಒಂದು ಕಾರ್ಯಕ್ರಮ ಅಮ್ಮ. ಯಜಮಾನ್ರೇ ಮುಖ್ಯ ಅತಿಥಿ."

ಆಕೆ ಒಳಗೆ ಹೋಗಿ ಮಡಿಚಿಟ್ಟಿದ್ದ ಶಾಲು ತಂದು ಗಂಡನಿಗೆ ಹೊದಿಸಿದರು.

ಠಾಣೆಯಲ್ಲಿ ಕಾದಿದ್ದ ಗೌತಮ್, ದೂರು ವಾಪಸ್ ತೆಗೆದುಕೊಳ್ಳುತ್ತೇನೆ ಎಂದ.

"ಎಫ್‌ಐಆರ್ ಆಗೋಗಿದೆ. ಇನ್ನು ಕೋರ್ಟಲ್ಲಿ ಹೇಳಿ," ಎಂದು ಕುಸುಮಾ ಶಿವಬಸಪ್ಪನವರ ಕಡೆ ತಿರುಗಿದರು. "ನಿಮ್ಮನ್ನ ಬಂಧಿಸಿದ್ದು ಯಾರಿಗಾದ್ರೂ ತಿಳಿಸಬೇಕು. ಯಾರಿಗೆ?"

"ಗೌತಮ್ ಇಲ್ಲೇ ಇದಾನಲ್ಲ. ಅವನ ಹೆಸರೇ ಬರ್ಕೊಳ್ಳಿ."

ಬಂಧಿತರ ಫೋಟೊ ತೆಗೆಯಬೇಕಿತ್ತು. ಚಿಕ್ಕಹನುಮಯ್ಯ ಕ್ಯಾಮೆರಾ ಎತ್ತಿದಾಗ ಶಿವಬಸಪ್ಪ ಮುಖ ತಗ್ಗಿಸಿದರು.

"ಇದನ್ನ ಗ್ರೂಪಿಗೆ ಹಾಕ್ತೀರಾ?"

"ಇಲ್ಲ ಸಾರ್. ಕಡತಕ್ಕೆ ಮಾತ್ರ."

ಆಗ ಅವರು ಶಾಲು ಸರಿಪಡಿಸಿಕೊಂಡು ತಲೆ ಎತ್ತಿದರು. ಎರಡೂ ಕೈ, ತಟ್ಟೆ ಹಿಡಿದವರ ಹಾಗೆ, ತಾವಾಗಿಯೇ ಮುಂದೆ ಬಂದವು.