ನೀಲಿ ಮುಚ್ಚಳದ ಇಲಿಗಳು

ಆ ಹೆಂಗಸು ಬಂದಾಗ ನಾನು ಬಿಸಿನೀರಿನ ಬಕೆಟ್ಟಿನಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತಿದ್ದೆ. ಮೂವತ್ತು ವರ್ಷ ಬಸ್ಸು ಓಡಿಸಿದ ಮಂಡಿಗಳಿಗೆ ಅದೊಂದೇ ಸುಖ. ಆ ಸುಖವನ್ನೂ ಅರ್ಧಕ್ಕೆ ಬಿಟ್ಟು ಏಳಿಸುವುದರಲ್ಲಿ ನನ್ನ ಅಕ್ಕನನ್ನು ಮೀರಿಸುವವರಿಲ್ಲ.

ಅಕ್ಕ ಆಹಾರ ಕಲಬೆರಕೆ ಪತ್ತೆಹಚ್ಚುವ ಇಲಾಖೆಯಲ್ಲಿ ದುಡಿದು ನಿವೃತ್ತಳಾದವಳು. ಊರಿನವರು ಕಳವು, ಜಗಳ, ಮೋಸ ಎಂದು ಆಮೇಲೂ ಅವಳ ಬಾಗಿಲು ತಟ್ಟುವುದನ್ನು ಬಿಟ್ಟಿರಲಿಲ್ಲ. ಅವಳ ಮೂಗು ಎಲ್ಲಿ ತೂರಿದರೂ ಹಿಂದೆ ಚೀಲ ಹಿಡಿದು ನಡೆಯುವವನು ನಾನು.

"ನಮ್ಮ ಯಜಮಾನರನ್ನ ನಾಳೆ ಹತ್ತು ಗಂಟೆಗೆ ಕೆಲಸದಿಂದ ತೆಗೀತಾರಂತೆ," ಎಂದಳು ಆ ಹೆಂಗಸು. ಹೊಲಿಗೆಯವಳೆಂದು ಕಾಣುತ್ತಿತ್ತು, ಸೀರೆಯ ತುಂಬ ದಾರದ ತುಂಡುಗಳು ಅಂಟಿದ್ದವು. "ಹತ್ತೊಂಬತ್ತು ವರ್ಷ ಪ್ರಯೋಗಾಲಯದಲ್ಲಿ ಇಲಿ ಸಾಕಿದ್ದಾರೆ. ಎಲ್ಲರೂ ಇಲಿಮಾವ ಅಂತಲೇ ಕರೀತಾರೆ. ಈಗ ನೀನೇ ಪ್ರಯೋಗ ಹಾಳು ಮಾಡಿದೆ ಅಂತಿದ್ದಾರೆ. ಕೆಲಸ ಹೋದ್ರೆ ಹೆಂಗೋ ಬದುಕ್ತೀವಿ ಅಮ್ಮ. ಕಳ್ಳಗೆಲಸ ಮಾಡಿದೋನು ಅನ್ನೋ ಹೆಸರು ಹೊತ್ಕೊಂಡು ಅವರು ಬದುಕಲ್ಲ."

ಅಕ್ಕ ನನ್ನ ಕಡೆ ಟವೆಲ್ ಎಸೆದಳು.

ಪ್ರಯೋಗಾಲಯ ಮೂರನೇ ಮಹಡಿಯಲ್ಲಿತ್ತು. ಲಿಫ್ಟ್ ಕೆಟ್ಟಿತ್ತು ಎಂದು ಬೇರೆ ಹೇಳಬೇಕಿಲ್ಲ. ಇಲಿಕೋಣೆಯ ಬಾಗಿಲಲ್ಲೇ ಸಂಶೋಧನಾ ವಿದ್ಯಾರ್ಥಿ ನಮಗೆ ಮಾಸ್ಕ್ ಕೊಟ್ಟ. ಕಣ್ಣ ಕೆಳಗೆ ಕಪ್ಪು, ಅಂಗಿಯ ಗುಂಡಿ ಮೇಲುಕೆಳಗೆ. ಮನೆಯಲ್ಲಿ ಹೋದ ತಿಂಗಳ ಕೊನೆಗೆ ಹುಟ್ಟಿದ ಅವಳಿ ಕೂಸುಗಳಿವೆಯಂತೆ. ಅವನು ತನ್ನ ಮಾಸ್ಕಿನೊಳಗೆ ತಲೆನೋವಿನ ಮುಲಾಮು ಸವರಿಕೊಂಡು ಡಬ್ಬಿಯನ್ನು ನಮ್ಮತ್ತ ಚಾಚಿದ.

"ಮೀನೆಣ್ಣೆ ವಾಸನೆ ತಡೆಯೋಕಾಗಲ್ಲ. ಇಲ್ಲಿ ಎಲ್ಲರೂ ಹಚ್ಕೋತೀವಿ."

ನಾನು ಧಾರಾಳವಾಗಿ ಹಚ್ಚಿಕೊಂಡೆ. ಅಕ್ಕ ಬೇಡವೆಂದಳು.

ಒಳಗೆ ಪ್ರೊಫೆಸರ್ ನಿಂತೇ ವಿವರಿಸಿದರು. ತಿನ್ನುವ ಕೊಬ್ಬು ಗಮನದ ಮೇಲೆ ಏನು ಪರಿಣಾಮ ಬೀರುತ್ತದೆ ಎಂಬುದು ಅವರ ಪ್ರಶ್ನೆ. ಕೆಂಪು ಮುಚ್ಚಳದ ಡಬ್ಬಿಯ ಆಹಾರದಲ್ಲಿ ಗಟ್ಟಿ ಕೊಬ್ಬು, ನೀಲಿಯದರಲ್ಲಿ ಮೀನೆಣ್ಣೆ. ಪೆಟ್ಟಿಗೆಯೊಂದರಲ್ಲಿ ಐದು ತೂತುಗಳು. ಯಾವುದರಲ್ಲಿ ದೀಪ ಮಿನುಗುತ್ತದೋ ಅದಕ್ಕೆ ಇಲಿ ಮೂಗಿಟ್ಟರೆ ಸಿಹಿಗುಳಿಗೆ ಬೀಳುತ್ತದೆ. ಕೆಂಪಿನ ಇಲಿಗಳು ದಪ್ಪಗಾಗಿ ಅತ್ತಿತ್ತ ನೋಡುತ್ತಿದ್ದವು. ನೀಲಿಯವು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದು, ಹತ್ತಕ್ಕೆ ಒಂಬತ್ತು ಸಲ ಸರಿಯಾದ ತೂತಿಗೇ ಹೋಗುತ್ತಿದ್ದವು.

"ಈ ತಿಂಗಳು ಹನ್ನೆರಡನೇ ತಾರೀಕಿಂದ ನೀಲಿಯವಕ್ಕೆ ಏನೋ ಬಡಿದಿದೆ," ಎಂದರು. "ದೀಪ ನೋಡಲ್ಲ, ಒಂದನ್ನೊಂದು ಕಚ್ತವೆ. ನಿನ್ನೆ ಅವುಗಳ ಪಂಜರದಲ್ಲಿ ಬ್ರೆಡ್ ಚೂರು ಸಿಕ್ತು. ಒಂದೋ ಇವನು ಡಬ್ಬಿ ಅದಲುಬದಲು ಮಾಡಿದ್ದಾನೆ, ಇಲ್ಲಾ ಶುರುವಿಂದ ಕದ್ದು ತಿನ್ನಿಸಿದ್ದಾನೆ. ನನ್ನ ಮೂರು ವರ್ಷ ನೀರಲ್ಲಿ ಹೋಯ್ತು."

ಮೂಲೆಯಲ್ಲಿ ಪೊರಕೆ ಹಿಡಿದು ನಿಂತಿದ್ದ ಇಲಿಮಾವ ತಲೆ ಎತ್ತಲಿಲ್ಲ. "ಬ್ರೆಡ್ ಕೊಟ್ಟಿದ್ದು ನಿಜ," ಎಂದನು. "ಬರೆದಿದ್ದೀನಿ ಸಾರ್."

"ನಿನ್ನ ಪುಸ್ತಕ ತಂದು ತೋರಿಸಬೇಡ," ಎಂದರು ಪ್ರೊಫೆಸರ್.

ಅಕ್ಕ ನಿಧಾನವಾಗಿ ಕೋಣೆ ಸುತ್ತಿದಳು. ತೂಕದ ಪಟ್ಟಿ ನೋಡಿದಳು. ಈ ತಿಂಗಳು ನೀಲಿಯ ಇಲಿಗಳ ತೂಕ ಇಳಿಯುತ್ತ ಬಂದಿತ್ತು, ಕೆಂಪಿನವು ಇದ್ದಂತೆಯೇ ಇದ್ದವು. ಫ್ರಿಜ್ಜಿನ ಮೇಲೆ ಅಂಟಿಸಿದ್ದ ಸೂಚನೆಯನ್ನು ಗಟ್ಟಿಯಾಗಿ ಓದಿದಳು: "ಪ್ರತಿ ಸೋಮವಾರ ಹೊಸದಾಗಿ ಬೆರೆಸಬೇಕು. ವಾರ ದಾಟಿದ ಮೀನೆಣ್ಣೆಯ ಆಹಾರ ಹಾಕಬಾರದು." ಫ್ರಿಜ್ಜಿನಲ್ಲಿದ್ದ ನೀಲಿ ಡಬ್ಬಿಯ ಮೇಲೆ ಇಪ್ಪತ್ತೆರಡನೇ ತಾರೀಕಿನ ಚೀಟಿ. ನಾವು ಹೋದದ್ದು ಇಪ್ಪತ್ತನಾಲ್ಕಕ್ಕೆ. ಅವಳು ಮುಚ್ಚಳ ತೆಗೆದು, ಮಾಸ್ಕ್ ಕೆಳಗಿಳಿಸಿ ಮೂಸಿದಳು.

"ಇಲ್ಲೇನಾದ್ರೂ ಗೋಡೆಗೆ ಬಣ್ಣ ಹೊಡೆಸಿದ್ರಾ?"

ಇಲ್ಲವೆಂದರು. ನನಗಂತೂ ಮುಲಾಮಿನ ಘಾಟು ಬಿಟ್ಟು ಏನೂ ತಿಳಿಯಲಿಲ್ಲ. ಕೂರಲು ಜಾಗ ಹುಡುಕುತ್ತ ಮೂಲೆಯಲ್ಲಿದ್ದ ಆಹಾರ ಬೆರೆಸುವ ಯಂತ್ರಕ್ಕೆ ಒರಗಿದೆ. ಅದರ ಬೋಗುಣಿಯಿಂದ ಗೋಡೆಯವರೆಗೆ ಹಬ್ಬಿದ್ದ ಜೇಡರ ಬಲೆ ನನ್ನ ತೋಳಿಗೆ ಮೆತ್ತಿಕೊಂಡಿತು. ಬೂದುಬಣ್ಣದ ಧೂಳು ತುಂಬಿದ ಬಲೆ. ನಾನು ಗೊಣಗುತ್ತ ಒರೆಸಿಕೊಳ್ಳುವಾಗ ಅಕ್ಕ ನನ್ನ ತೋಳನ್ನೇ ನೋಡುತ್ತಿದ್ದಳು.

ಹೊರಡುವಾಗ ಅವಳು ಇಲಿಮಾವನ ಪುಸ್ತಕಗಳನ್ನು ಕೇಳಿದಳು. ದಿನಕ್ಕೊಂದು ಪುಟ. ಸಂಜೆ ಪ್ರೊಫೆಸರ್ ಮೇಜಿನ ಮೇಲೆ ಇಡುತ್ತಿದ್ದ, ಬೆಳಗ್ಗೆ ತೆಗೆದುಕೊಳ್ಳುತ್ತಿದ್ದ. ಪ್ರತಿ ಪುಟದ ಕೆಳಗೂ ಪ್ರೊಫೆಸರ್ ರುಜು ಇತ್ತು. ಹತ್ತೊಂಬತ್ತು ವರ್ಷದ ಆ ಪುಸ್ತಕಗಳ ಹೊರೆಯನ್ನು ಮೂರು ಮಹಡಿ ಇಳಿಸಿದವನು ಯಾರೆಂದು ಹೇಳಬೇಕೇ?

ಮರುದಿನ ಹತ್ತು ಗಂಟೆಗೆ ಪ್ರೊಫೆಸರ್ ಕೋಣೆಯಲ್ಲಿ ಎಲ್ಲರೂ ಸೇರಿದ್ದೆವು. ಪ್ರೊಫೆಸರ್, ವಿದ್ಯಾರ್ಥಿ, ಇಲಿಮಾವ, ಅವನ ಹೆಂಡತಿ. ಇದ್ದದ್ದು ಮೂರೇ ಕುರ್ಚಿ. ಇಲಿಮಾವ ಕೂರಲೇ ಇಲ್ಲ. ವಜಾ ಪತ್ರ ಟೈಪಾಗಿ ಮೇಜಿನ ಮೇಲಿತ್ತು.

"ಡಬ್ಬಿ ಅದಲುಬದಲಾಗಿಲ್ಲ," ಎಂದು ಅಕ್ಕ ಶುರುಮಾಡಿದಳು. ಅವಳ ದನಿಯಲ್ಲೂ ದಣಿವಿತ್ತು, ರಾತ್ರಿಯೆಲ್ಲ ಓದಿದ್ದಳು. "ಗಟ್ಟಿ ಕೊಬ್ಬು ತಿಂದಿದ್ರೆ ನೀಲಿಯವು ದಪ್ಪ ಆಗಬೇಕಿತ್ತು, ಸೊರಗಿವೆ. ಅಂದ್ರೆ ಅವು ಊಟ ಬಿಟ್ಟಿವೆ. ಯಾಕೆ ಬಿಟ್ಟವು? ಮೀನೆಣ್ಣೆಗೆ ಗಾಳಿ ಆಗಿಬರಲ್ಲ, ಬೇಗ ಕಮಟುತ್ತೆ. ಕಮಟಿದರೆ ಗೋಡೆಗೆ ಹೊಡೆಯೋ ಬಣ್ಣದ ವಾಸನೆ. ನಿನ್ನೆ ಆ ನೀಲಿ ಡಬ್ಬಿಯಲ್ಲಿದ್ದದ್ದು ಅದೇ. ನಿಮಗ್ಯಾರಿಗೂ ಗೊತ್ತಾಗಲಿಲ್ಲ, ಎಲ್ಲರ ಮೂಗಲ್ಲೂ ಮುಲಾಮು. ಇಲಿಗಳಿಗೆ ಮುಲಾಮು ಇರಲಿಲ್ಲ."

"ಎರಡು ದಿನದ ಆಹಾರ ಮೇಡಂ ಅದು," ಎಂದರು ಪ್ರೊಫೆಸರ್.

"ಚೀಟಿ ಹಾಗನ್ನುತ್ತೆ. ಯಂತ್ರ ಹಾಗನ್ನಲ್ಲ. ಎರಡು ದಿನದಲ್ಲಿ ಜೇಡ ಬಲೆ ಕಟ್ಟಬಹುದು. ಬಲೆ ಮೇಲೆ ಅಷ್ಟು ಧೂಳು ಕೂರೋಕೆ ವಾರಗಳು ಬೇಕು. ನಮ್ಮ ತಮ್ಮನ ಅಂಗಿ ಇನ್ನೂ ಒಗೆದಿಲ್ಲ, ನೋಡಬಹುದು." ನಾನು ತೋಳು ಹಿಂದಕ್ಕೆ ಎಳೆದುಕೊಂಡೆ. "ಒಂದನೇ ತಾರೀಕೇ ಇಡೀ ತಿಂಗಳಿಗಾಗುವಷ್ಟು ಬೆರೆಸಿ, ನಾಲ್ಕು ಡಬ್ಬಿಗೆ ನಾಲ್ಕು ಸೋಮವಾರದ ಚೀಟಿ ಅಂಟಿಸಿದ್ದಾರೆ. ಗಟ್ಟಿ ಕೊಬ್ಬು ತಡೆದುಕೊಳ್ತು, ಅದಕ್ಕೇ ಕೆಂಪಿನವಕ್ಕೆ ಏನೂ ಆಗಲಿಲ್ಲ. ಬೆರೆಸೋ ಕೆಲಸ ಯಾರದ್ದು?"

ವಿದ್ಯಾರ್ಥಿ ಅಳಲಿಲ್ಲ, ವಾದಿಸಲೂ ಇಲ್ಲ. ಬೆಳಗಿನಿಂದ ಹೊತ್ತ ಮೂಟೆ ಇಳಿಸಿದವನಂತೆ ಕುರ್ಚಿಗೆ ಒರಗಿದ.

"ನಂದೇ," ಎಂದ. "ಮಕ್ಕಳು ರಾತ್ರಿಯೆಲ್ಲ ಅಳ್ತವೆ. ನಿಂತಲ್ಲೇ ನಿದ್ದೆ ಬರ್ತಿತ್ತು. ಒಂದು ತಿಂಗಳು ಹೆಂಗೋ ತಳ್ಳಿಬಿಡೋಣ ಅಂದ್ಕೊಂಡೆ. ತಪ್ಪು ಇಲಿಮಾವನ ಮೇಲೆ ಬಂದಾಗ ಹೇಳಬೇಕಿತ್ತು. ಬಾಯಿ ಬರಲಿಲ್ಲ."

"ಆದರೂ ಬ್ರೆಡ್ ಇದೆಯಲ್ಲ," ಎಂದರು ಪ್ರೊಫೆಸರ್, ಹಿಡಿದ ಪಟ್ಟು ಬಿಡಲಾರದೆ. "ಬ್ರೆಡ್ಡಿಂದಲೇ ಕೆಟ್ಟಿರಬಹುದು. ಅದನ್ನ ಮುಚ್ಚಿಟ್ಟಿದ್ದು ತಪ್ಪಲ್ವಾ?"

ಅಕ್ಕ ಈ ತಿಂಗಳ ಪುಸ್ತಕ ತೆರೆದು ಅವರ ಮುಂದಿಟ್ಟಳು. "ಹತ್ತನೇ ತಾರೀಕು, ನೀಲಿಯವು ಅರ್ಧ ಮಿಗಿಸಿವೆ. ಕೆಳಗೆ ನಿಮ್ಮ ರುಜು. ಹನ್ನೊಂದು, ಮತ್ತೆ ಮಿಗಿಸಿವೆ, ಸಾರ್ ದಯವಿಟ್ಟು ನೋಡಬೇಕು. ನಿಮ್ಮ ರುಜು. ನಿಮ್ಮ ಪ್ರಯೋಗ ಕೆಟ್ಟಿದ್ದು ಹನ್ನೆರಡಕ್ಕೆ. ಹದಿನಾರು, ಹಸಿದಿವೆ, ನೋಡೋಕಾಗದೆ ನನ್ನ ಬ್ರೆಡ್ ಚೂರು ಕೊಟ್ಟೆ, ತಪ್ಪಿದ್ರೆ ತಿಳಿಸಿ. ಅದರ ಕೆಳಗೂ ನಿಮ್ಮ ರುಜು. ಕೆಟ್ಟು ನಾಲ್ಕು ದಿನ ಆದ ಮೇಲೆ ಬ್ರೆಡ್ ಬಂದಿದೆ. ಕೊಡಬಾರದಿತ್ತು, ಒಪ್ಪುತ್ತೀನಿ. ಆದರೆ ಇವರು ಮುಚ್ಚಿಟ್ಟಿಲ್ಲ ಪ್ರೊಫೆಸರ್ರೇ. ದಿನಾ ನಿಮ್ಮ ಕೈಗೇ ಕೊಟ್ಟಿದ್ದಾರೆ."

ಪ್ರೊಫೆಸರ್ ತಮ್ಮ ರುಜುಗಳ ಮೇಲೆ ಬೆರಳಾಡಿಸಿದರು. ನನಗೆ ಆ ಮನುಷ್ಯನ ಮೇಲೆ ಸಿಟ್ಟು ಬಂದಿತ್ತು. ಅವರ ಮುಖ ನೋಡಿದ ಮೇಲೆ ಅದೂ ಉಳಿಯಲಿಲ್ಲ.

"ಬಾಯಿಬಿಟ್ಟು ಯಾಕೆ ಹೇಳಲಿಲ್ಲ?" ಎಂದು ಕೊನೆಗೆ ಕೇಳಿದರು.

ಇಲಿಮಾವ ಪಾದ ನೋಡಿಕೊಂಡ. "ರುಜು ಇತ್ತಲ್ಲ ಸಾರ್. ಓದಿಯೂ ಸುಮ್ಮನಿದ್ದೀರಿ ಅಂದ್ರೆ ಅದಕ್ಕೇನೋ ಕಾರಣ ಇರುತ್ತೆ ಅಂದ್ಕೊಂಡೆ. ನಾನು ಹೆಚ್ಚು ಕಲಿತೋನಲ್ಲ."

ಪ್ರೊಫೆಸರ್ ವಜಾ ಪತ್ರವನ್ನು ನಾಲ್ಕಾಗಿ ಹರಿದರು. ಹೊಲಿಗೆಯವಳು ಸೆರಗಿನಿಂದ ಕಣ್ಣೊತ್ತಿಕೊಂಡಳು. ವಿದ್ಯಾರ್ಥಿ ಎದ್ದು, ಹೊಸ ಆಹಾರ ಬೆರೆಸುತ್ತೇನೆ, ಆಮೇಲೆ ಏನು ಶಿಕ್ಷೆ ಕೊಟ್ಟರೂ ಸರಿ ಎಂದು ಯಂತ್ರ ಒರೆಸಲು ಬಟ್ಟೆ ಹಿಡಿದು ಹೊರಗೆ ಹೋದ. ಅವನನ್ನು ಯಾರೂ ತಡೆಯಲಿಲ್ಲ.

ನಾನು ಪುಸ್ತಕದ ಹೊರೆಯನ್ನು ಮೇಜಿನ ಮೇಲೆ ಇಳಿಸಿದೆ. ಪ್ರೊಫೆಸರ್ ಅದರಿಂದ ಹಳೆಯದೊಂದನ್ನು ಎಳೆದು, ಕನ್ನಡಕ ಸರಿಮಾಡಿಕೊಂಡು ಓದತೊಡಗಿದರು. ಒಂದು ಪುಟ, ಎರಡು ಪುಟ. ಇಲಿಮಾವ ಮೊದಲ ಸಲ ತಲೆಯೆತ್ತಿ ಅವರನ್ನೇ ನೋಡುತ್ತಿದ್ದ.

"ನಾಲ್ಕನೇ ಪಂಜರದ ಇಲಿ ಕುಂಟುತ್ತೆ, ಔಷಧಿ ಬೇಕು ಅಂತ ಬರೆದಿದ್ದೀಯ," ಎಂದರು ಪ್ರೊಫೆಸರ್ ಮೆಲ್ಲಗೆ. "ಅದು ಈಗ ಹೇಗಿದೆ?"

"ಅದು ಹೋಗಿ ಎಂಟು ವರ್ಷ ಆಯ್ತು ಸಾರ್," ಎಂದ ಇಲಿಮಾವ.